‘ಪಕ್ಷಿವಿಶೇಷ’: ಮಾಗಡಿಯ ಕೆರೆದಂಡೆಯಲ್ಲಿ ಒಂದು ದಿನ

ಪ್ರಾಚೀನ ಕಾವ್ಯಗಳಿಗೆ ಟೀಕೆಯನ್ನು ಬರೆದ ಮಹನೀಯರು ನಮ್ಮಂತಹ ಉಪಾಧ್ಯಾಯರಿಗೆ ಒಂದು ಸುಲಭೋಪಾಯವನ್ನು ಬಿಟ್ಟುಹೋಗಿರುವರು. ಪದ್ಯದಲ್ಲಿ ಅಪರಿಚಿತವಾದ ಹಕ್ಕಿಯ ಹೆಸರು ಬಂದರೆ ‘ಪಕ್ಷಿವಿಶೇಷ’ ಎಂದೂ, ಗಿಡದ ಹೆಸರು ಬಂದರೆ ‘ವೃಕ್ಷವಿಶೇಷ’ ಎಂದೂ, ಒಡವೆಯ ಹೆಸರು ಬಂದರೆ ‘ಆಭರಣವಿಶೇಷ’ ಎಂದೂ ಅರ್ಥವನ್ನು ಬರೆಯಿಸಿ ಮುಂದಿನ ಪದಕ್ಕೆ ಸಾಗುವುದೇ ಆ ಉಪಾಯ. ಇದರಿಂದ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಅಂಕಕ್ಕೆ ಊನವಾಗದು. ಉಪಾಧ್ಯಾಯನ ಗೌರವಕ್ಕೂ ಊನವಾಗದು. ನಾನೂ ಇಪ್ಪತ್ತೆಂಟು ವರ್ಷಗಳ ಕಾಲ ಈ ಹಾದಿಯಲ್ಲಿಯೇ ನಡೆದವನು. ಹಂಸ, ಚಕ್ರವಾಕ, ಕ್ರೌಂಚ, ಚಾತಕ, ಚಕೋರ ಇವೆಲ್ಲವೂ ನನ್ನ ಪಾಠದಲ್ಲಿ ರೆಕ್ಕೆಗಳಿಲ್ಲದ ಪಕ್ಷಿವಿಶೇಷಗಳಾಗಿಯೇ ಬಂದು ಹೋದುವು.

2024ರ ಶ್ರಾವಣ ಮಾಸದಲ್ಲಿ ಒಂಬತ್ತನೆಯ ತರಗತಿಗೆ ಆದೇಶಸಂಧಿಯನ್ನು ಹೇಳುತ್ತಿದ್ದೆನು. ‘ಜಕ್ಕ’ ಎಂಬುದರ ಮುಂದೆ ‘ಪಕ್ಕಿ’ ಬಂದಾಗ ಪಕಾರದ ಸ್ಥಾನದಲ್ಲಿ ವಕಾರವು ಆದೇಶವಾಗಿ ‘ಜಕ್ಕವಕ್ಕಿ’ ಎಂದಾಗುವುದೆಂದೂ, ಜಕ್ಕವೆಂಬುದು ಚಕ್ರ ಶಬ್ದದ ತದ್ಭವವೆಂದೂ, ಸಂಸ್ಕೃತದ ಚಕ್ರವಾಕವೇ ಇದೆಂದೂ ವಿವರಿಸಿ ಕರಿಹಲಗೆಯ ಮೇಲೆ ಬರೆದೆನು. ಆಗ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು ನಿಂತು, ‘ಗುರುಗಳ, ಜಕ್ಕವಕ್ಕಿ ಅಂದ್ರ ಹೆಂಗ ಇರ್ತೈತ್ರೀ? ನೀವು ನೋಡೀರೇನ್ರೀ?’ ಎಂದು ಕೇಳಿದನು. ‘ಅದೊಂದು ಪಕ್ಷಿವಿಶೇಷ, ಕುಳಿತುಕೋ’ ಎಂದೆನು. ಅವನು ಕುಳಿತುಕೊಳ್ಳಲಿಲ್ಲ. ‘ನಮ್ಮೂರ ಕಡೆ ಮಾಗಡಿ ಕೆರಿಗೆ ಚಳಿಗಾಲದಾಗ ಕಾವಿ ಬಣ್ಣದ ಬಾತು ಜೋಡಿ ಜೋಡಿ ಬರ್ತಾವ್ರೀ. ಅವೇ ಏನ್ರೀ?’ ಎಂದನು.

ಅವನ ಮುಖದಲ್ಲಿ ಕುಚೋದ್ಯದ ಲೇಶವೂ ಇರಲಿಲ್ಲ. ಅವನು ಮಾಗಡಿಯ ಸಮೀಪದ ಹಳ್ಳಿಯ ರೈತನ ಮಗ. ನಮ್ಮ ಪ್ರಸಾದನಿಲಯದಲ್ಲಿದ್ದು ಓದುವವನು. ವ್ಯಾಕರಣದಲ್ಲಿ ಹಿಂದೆ ಬಿದ್ದವನೆಂದು ನನ್ನಿಂದ ಅನೇಕ ಸಲ ಗದರಿಸಿಕೊಂಡವನು. ನನಗೆ ಶಬ್ದವು ಗೊತ್ತಿದ್ದಿತು, ಹಕ್ಕಿಯು ಗೊತ್ತಿರಲಿಲ್ಲ. ಅವನಿಗೆ ಹಕ್ಕಿಯು ಗೊತ್ತಿದ್ದಿತು, ಶಬ್ದವು ಗೊತ್ತಿರಲಿಲ್ಲ. ಉತ್ತರವನ್ನು ಹೇಳಲಾರದೆ ಆ ದಿನ ಗಂಟೆ ಬಾರಿಸುವುದನ್ನೇ ಕಾಯ್ದು ತರಗತಿಯಿಂದ ಹೊರಬಂದುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಮುಂದೆ ಕಾರ್ತಿಕ ಮಾಸದ ಬಹುಳ ಪಕ್ಷದಲ್ಲಿ, ಅಂದರೆ 2024ರ ನವೆಂಬರ್ 24ನೆಯ ರವಿವಾರದಂದು, ವಿಜ್ಞಾನದ ಅಧ್ಯಾಪಕರೊಡನೆ ಆ ತರಗತಿಯ ಮಕ್ಕಳನ್ನು ಕರೆದುಕೊಂಡು ಮಾಗಡಿಗೆ ಹೋದೆವು. ಆ ದಿನ ಕಂಡುದನ್ನೂ, ಆ ಬಳಿಕ ಓದಿ ಕೇಳಿ ತಿಳಿದುದನ್ನೂ ನಮ್ಮ ಶಾಲೆಯ ಹಿತೈಷಿಗಳ ಮುಂದೆ ಇಡುವುದೇ ಪ್ರಕೃತ ಲೇಖನದ ಉದ್ದೇಶ.

ಮಾಗಡಿಯು ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿಗೆ ಸೇರಿದ ಗ್ರಾಮ. ಗದಗದಿಂದ ಲಕ್ಷ್ಮೇಶ್ವರಕ್ಕೆ ಹೋಗುವ ಮಾರ್ಗದಲ್ಲಿ, ಗದಗದಿಂದ ಸುಮಾರು 26 ಕಿಲೋಮೀಟರ್ ದೂರದಲ್ಲಿದೆ. ಊರ ಮಗ್ಗುಲಲ್ಲಿರುವ ಕೆರೆಯು ನಿಸರ್ಗದತ್ತವಾದುದಲ್ಲ. ಬೇಸಾಯಕ್ಕೆ ಮಳೆಯ ನೀರನ್ನು ಹಿಡಿದಿಡಲೆಂದು ಮನುಷ್ಯರು ಕಟ್ಟಿದುದು. ವಿಸ್ತಾರವು ಸುಮಾರು 50 ಹೆಕ್ಟೇರ್. ನೋಡಿದರೆ ಬಯಲುಸೀಮೆಯ ಹತ್ತು ಕೆರೆಗಳಂತೆ ಅದೂ ಒಂದು ಕೆರೆ. ಆದರೆ ಇಲ್ಲಿ 166ಕ್ಕೂ ಹೆಚ್ಚು ಜಾತಿಯ ಪಕ್ಷಿಗಳನ್ನು ಗುರುತಿಸಿರುವರು. ಅವುಗಳಲ್ಲಿ 130 ಜಾತಿಗಳು ವಲಸೆ ಬರುವಂಥವು. ಚಳಿಗಾಲದಲ್ಲಿ ಸುಮಾರು ಎಂಟು ಸಾವಿರ ಹಕ್ಕಿಗಳು ಬಂದು ಸೇರುವುವು. ಈ ಮಹತ್ತ್ವವನ್ನು ಮನಗಂಡೇ 2024ರ ಜನವರಿಯಲ್ಲಿ ಮಾಗಡಿಯ ಕೆರೆಯನ್ನು ರಾಮ್ಸರ್ ಒಪ್ಪಂದದ ಅಂತರರಾಷ್ಟ್ರೀಯ ಮಹತ್ತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿಸಲಾಯಿತು. 1971ರಲ್ಲಿ ಇರಾನ್ ದೇಶದ ರಾಮ್ಸರ್ ಎಂಬ ಪಟ್ಟಣದಲ್ಲಿ ಆದ ಒಪ್ಪಂದವಾದುದರಿಂದ ಅದಕ್ಕೆ ಆ ಹೆಸರು. ಕರ್ನಾಟಕದಲ್ಲಿ ಈ ಮನ್ನಣೆಯನ್ನು ಮೊದಲು ಪಡೆದುದು 2022ರಲ್ಲಿ ರಂಗನತಿಟ್ಟು. ಮಾಗಡಿಯೊಡನೆ ಅಂಕಸಮುದ್ರವೂ ಅಘನಾಶಿನಿಯ ಅಳಿವೆಯೂ ಪಟ್ಟಿಗೆ ಸೇರಿದುವು.

ನಾವು ಕೆರೆಯ ಏರಿಯನ್ನು ಮುಟ್ಟಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ನೆತ್ತಿಯ ಮೇಲೆ ಬಹುಳದ ಅರ್ಧಚಂದ್ರನಿದ್ದನು. ಎರಿಯ ಹೊಲಗಳ ಮೇಲಿಂದ ಬೀಸುವ ಚಳಿಗಾಳಿಗೆ ಮಕ್ಕಳು ಕೈಗಳನ್ನು ಕಂಕುಳಲ್ಲಿ ಹುದುಗಿಸಿಕೊಂಡು ನಿಂತಿದ್ದರು. ಮೊದಲು ಕೇಳಿಬಂದುದು ಟಿಟ್ಟಿಭದ ಕೂಗು. ಬಳಿಕ ದೂರದಿಂದ, ಮುಗಿಲಿನ ಒಳಗಿನಿಂದಲೆಂಬಂತೆ, ‘ಆಂಗ್ ಆಂಗ್’ ಎಂಬ ಮೂಗುದನಿಯು ಕೇಳಿಸಿತು. ಹುಡುಗನು ನನ್ನ ಶಾಲಿನ ತುದಿಯನ್ನು ಹಿಡಿದೆಳೆದು, ‘ಬಂದುವ್ರೀ ಗುರುಗಳ, ಹೊಲದಿಂದ ಹೊಳ್ಳಿ ಬರಾಕತ್ತಾವು’ ಎಂದನು. ಉತ್ತರ ದಿಕ್ಕಿನ ನಸುಗೆಂಪು ಆಗಸದಲ್ಲಿ ಬಾಣದ ಮೊನೆಯಂತೆ ಒಂದು ಸಾಲು ಮೂಡಿತು. ಅದರ ಹಿಂದೆ ಮತ್ತೊಂದು, ಮಗುದೊಂದು. ನೆತ್ತಿಯ ಮೇಲೆ ಬಂದೊಡನೆ ಸಾಲು ಮುರಿದು, ಹಕ್ಕಿಗಳು ಮೈಯನ್ನು ಆ ಕಡೆ ಈ ಕಡೆ ಹೊರಳಿಸುತ್ತ ಇಳಿದು, ಕಾಲುಗಳನ್ನು ಮುಂದಕ್ಕೆ ಚಾಚಿ ನೀರನ್ನು ಸೀಳಿಕೊಂಡು ಕುಳಿತುವು. ಅವು ಪಟ್ಟೆತಲೆಯ ಹೆಬ್ಬಾತುಗಳು.

ಈ ಹೆಬ್ಬಾತಿನ ಮೈ ಬೂದುಬಣ್ಣ, ತಲೆ ಬಿಳುಪು. ಆ ಬಿಳಿಯ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳಿರುವುವು. ಒಂದು ಪಟ್ಟೆಯು ಕಣ್ಣಿನಿಂದ ಕಣ್ಣಿಗೆ ನೆತ್ತಿಯ ಹಿಂದೆ ಹಾಯ್ದರೆ ಇನ್ನೊಂದು ಅದರ ಕೆಳಗಿರುವುದು. ಕೊಕ್ಕು ಮತ್ತು ಕಾಲುಗಳು ಕಿತ್ತಳೆಹಳದಿ. ತೂಕವು ಎರಡರಿಂದ ಮೂರು ಕಿಲೋಗ್ರಾಂ. ರೆಕ್ಕೆಗಳನ್ನು ಬಿಚ್ಚಿದರೆ ತುದಿಯಿಂದ ತುದಿಗೆ ಒಂದೂವರೆ ಮೀಟರ್ ಬರುವುದು. ದಕ್ಷಿಣ ಭಾರತದಲ್ಲಿ ಈ ಜಾತಿಯು ಅತ್ಯಧಿಕ ಸಂಖ್ಯೆಯಲ್ಲಿ ಚಳಿಗಾಲವನ್ನು ಕಳೆಯುವ ತಾಣಗಳಲ್ಲಿ ಮಾಗಡಿಯೂ ಒಂದು. ರಾತ್ರಿ ಹೊಲಗಳಲ್ಲಿ ಮೇಯ್ದು ಬೆಳಗಿಗೆ ನೀರಿಗೆ ಮರಳಿ, ಹಗಲೆಲ್ಲ ಕೆರೆಯ ನಡುವೆ ವಿಶ್ರಮಿಸುವುದು ಇವುಗಳ ದಿನಚರಿ.

ಇವು ಬರುವುದು ಎಲ್ಲಿಂದ? ಟಿಬೆಟ್ಟಿನ ಎತ್ತರದ ಸರೋವರಗಳು, ಚೀನದ ಚಿಂಗ್‌ಹಾಯ್ ಸರೋವರದ ಪರಿಸರ, ಮಂಗೋಲಿಯ, ಕಿರ್ಗಿಸ್ತಾನ ಮೊದಲಾದುವು ಇವುಗಳ ತವರು. ಅಲ್ಲಿ ಬೇಸಿಗೆಯಲ್ಲಿ ಮೊಟ್ಟೆಯಿಟ್ಟು ಮರಿಮಾಡುವುವು. ಮಂಗೋಲಿಯದಲ್ಲಿ ಕೊರಳಿಗೆ ಗುರುತಿನ ಪಟ್ಟಿಯನ್ನು ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿರುವುವು. ನಕ್ಷೆಯಲ್ಲಿ ನೇರವಾಗಿ ಗೆರೆಯೆಳೆದರೂ ಆ ದೂರವು ನಾಲ್ಕು ಸಾವಿರ ಕಿಲೋಮೀಟರ್ ಆಗುವುದು. ನಡುವೆ ಇರುವುದು ಹಿಮವತ್ಪರ್ವತ.

ಪರ್ವತವನ್ನು ಇವು ಹೇಗೆ ದಾಟುವುವೆಂಬುದು ಬಹುಕಾಲ ವಿಸ್ಮಯದ ವಿಷಯವಾಗಿದ್ದಿತು. ಮಹಾಶಿಖರಗಳ ತುದಿಯ ಮೇಲೆಯೇ ಹಾರುವುವೆಂಬ ವದಂತಿಯೂ ಇದ್ದಿತು. ವಿಜ್ಞಾನಿಗಳು ಹಕ್ಕಿಗಳ ಮೈಗೆ ಚಿಕ್ಕ ಯಂತ್ರಗಳನ್ನು ಜೋಡಿಸಿ ಉಪಗ್ರಹಗಳ ಮೂಲಕ ಜಾಡನ್ನು ಹಿಡಿದ ಮೇಲೆ ನಿಜಸ್ಥಿತಿಯು ತಿಳಿದುಬಂದಿತು. ಯಂತ್ರಗಳಲ್ಲಿ ದಾಖಲಾದ ಪರಮಾವಧಿ ಎತ್ತರವು 7,290 ಮೀಟರ್. ಆದರೆ ಅದು ವಿರಳ. ಬಹುಪಾಲು ಹಾರಾಟವು ಆರು ಸಾವಿರ ಮೀಟರಿಗಿಂತ ಕೆಳಗೇ ನಡೆಯುವುದು. 2015ರಲ್ಲಿ ಪ್ರಕಟವಾದ ಒಂದು ಸಂಶೋಧನೆಯು ಮತ್ತೊಂದು ರಹಸ್ಯವನ್ನು ಬಿಡಿಸಿತು. ಈ ಹಕ್ಕಿಯು ಒಮ್ಮೆ ಮೇಲಕ್ಕೇರಿ ಅದೇ ಎತ್ತರದಲ್ಲಿ ಸಾಗುವುದಿಲ್ಲ. ನೆಲವು ಏರಿದಂತೆ ಏರಿ, ಕಣಿವೆ ಬಂದೊಡನೆ ಇಳಿದು, ಮತ್ತೆ ಏರುವುದು. ಗಳಿಸಿದ ಎತ್ತರವನ್ನು ಕಳೆದುಕೊಂಡು ಪುನಃ ಗಳಿಸುವುದು ನಮಗೆ ನಷ್ಟವೆಂದು ತೋರುವುದು. ಆದರೆ ಮೇಲೇರಿದಷ್ಟೂ ಗಾಳಿಯು ತೆಳುವಾಗಿ, ರೆಕ್ಕೆ ಬಡಿಯಲು ಹೃದಯವು ಅತಿಯಾಗಿ ದುಡಿಯಬೇಕಾಗುವುದು. ಆದುದರಿಂದ ಇಳಿದು ಏರುವುದೇ ಲಾಭದಾಯಕ. ಮೇಲಾಗಿ ಇವು ಹಿಂದಿನಿಂದ ಬೀಸುವ ಗಾಳಿಯನ್ನು ನಂಬಿ ಕೂಡದೆ, ಗಾಳಿಯು ತಣ್ಣಗಾಗಿ ಸಾಂದ್ರವಾಗಿರುವ ರಾತ್ರಿ ಮತ್ತು ನಸುಕಿನ ವೇಳೆಯಲ್ಲಿ ಸ್ವಂತ ರೆಕ್ಕೆಯ ಬಲದಿಂದಲೇ ಏರುವುವು.

ಏಳು ಸಾವಿರ ಮೀಟರ್ ಎತ್ತರದಲ್ಲಿ ದೊರೆಯುವ ಆಮ್ಲಜನಕವು ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕಿಂತಲೂ ಕಡಿಮೆ. ಅಂತಹಲ್ಲಿ ನಾವು ನಾಲ್ಕು ಹೆಜ್ಜೆಯಿಡಲೂ ಏದುಸಿರು ಬಿಡುವೆವು. ಹೆಬ್ಬಾತಿನ ರಕ್ತದಲ್ಲಿರುವ ಹಿಮೋಗ್ಲೋಬಿನ್ ತೆಳುವಾದ ಗಾಳಿಯಿಂದಲೂ ಆಮ್ಲಜನಕವನ್ನು ಹಿಡಿದುಕೊಳ್ಳುವುದರಲ್ಲಿ ಇತರ ಬಾತುಗಳ ರಕ್ತಕ್ಕಿಂತ ಸಮರ್ಥವಾದುದು. ಹಾರುವ ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚಾಗಿ ಹೆಣೆದುಕೊಂಡಿರುವುವು. ಉಸಿರೂ ಆಳವಾದುದು. ಇದಲ್ಲದೆ ಪಕ್ಷಿಕುಲಕ್ಕೆಲ್ಲ ಸಾಮಾನ್ಯವಾದ ಒಂದು ಸೌಕರ್ಯವುಂಟು. ನಮ್ಮ ಶ್ವಾಸಕೋಶದಲ್ಲಿ ಗಾಳಿಯು ಬಂದ ದಾರಿಯಿಂದಲೇ ಹಿಂದಿರುಗುವುದು. ಹಕ್ಕಿಗಾದರೋ ದೇಹದೊಳಗೆ ಕಮ್ಮಾರನ ತಿದಿಯಂತಹ ಗಾಳಿಚೀಲಗಳಿದ್ದು, ಅವುಗಳ ಒತ್ತಡದಿಂದ ಹೊಸಗಾಳಿಯು ಶ್ವಾಸಕೋಶದ ಮೂಲಕ ಒಂದೇ ದಿಕ್ಕಿನಲ್ಲಿ ಎಡೆಬಿಡದೆ ಹರಿಯುತ್ತಿರುವುದು. ವಿಜ್ಞಾನದ ಅಧ್ಯಾಪಕರು ಇದನ್ನು ಏರಿಯ ಮೇಲೆ ಕುಳಿತು ಮಕ್ಕಳಿಗೆ ವಿವರಿಸಿದಾಗ ನಾನೂ ವಿದ್ಯಾರ್ಥಿಯಾಗಿ ಕೇಳಿದೆನು.

ಬಾಣದ ಮೊನೆಯಂತಹ ಆ ಸಾಲಿಗೂ ಕಾರಣವುಂಟು. ಮುಂದಿನ ಹಕ್ಕಿಯು ರೆಕ್ಕೆಯನ್ನು ಬಡಿದಾಗ ಅದರ ತುದಿಯ ಆಚೆಗೆ ಗಾಳಿಯು ಸುಳಿಯಾಗಿ ಮೇಲಕ್ಕೇಳುವುದು. ಓರೆಯಾಗಿ ಹಿಂದೆ ಬರುವ ಹಕ್ಕಿಯು ಆ ಏರುಗಾಳಿಯಲ್ಲಿ ತನ್ನ ರೆಕ್ಕೆಯನ್ನಿರಿಸಿ ಶ್ರಮವನ್ನು ಉಳಿಸಿಕೊಳ್ಳುವುದು. ಹಳಗನ್ನಡದಲ್ಲಿ ಹಂಸಗಳ ಹಿಂಡಿಗೆ ‘ಅಂಚೆವಿಂಡು’ ಎನ್ನುವರು. ಅಂಚೆ ಎಂಬುದು ಹಂಸ ಶಬ್ದದ ತದ್ಭವ. ಪಿಂಡು ಎಂಬುದು ವಿಂಡು ಆದುದು ಅದೇ ಆದೇಶಸಂಧಿಯಿಂದ. ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದ ಆ ಪದವು ಅಂದು ಮುಗಿಲಿನಲ್ಲಿ ಹಾರಿಹೋಗುವುದನ್ನು ನಾನು ಕಂಡೆನು.

ಇಲ್ಲಿ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು: ‘ಹಂಸವೆಂದರೆ ಹಾಲಿನಂತೆ ಬೆಳ್ಳಗಿರುವ, ಉದ್ದ ಕೊರಳಿನ ಪಕ್ಷಿಯಲ್ಲವೆ? ಬೂದುಬಣ್ಣದ ಬಾತನ್ನು ಹಂಸವೆನ್ನುವುದು ಹೇಗೆ?’ ನ್ಯಾಯವಾದ ಪ್ರಶ್ನೆಯೇ ಸರಿ. ನಮ್ಮ ಮನೆಯ ಗೋಡೆಗಳ ಮೇಲಿನ ಹಂಸವು ಬಹುಮಟ್ಟಿಗೆ ರಾಜಾ ರವಿವರ್ಮನು 1899ರಲ್ಲಿ ಬರೆದ ‘ಹಂಸ ದಮಯಂತಿ’ಯಂತಹ ಚಿತ್ರಗಳಿಂದ ಬಂದುದು. ಆ ಉದ್ದ ಕೊರಳಿನ ಬಿಳಿಯ ಪಕ್ಷಿಯು ಭಾರತಕ್ಕೆ ಎಲ್ಲಿಯೋ ಒಮ್ಮೆ ದಾರಿತಪ್ಪಿ ಬರುವಂಥದು. ಕವಿಗಳು ಕೆರೆಕೆರೆಯಲ್ಲಿಯೂ ಹಂಸವನ್ನು ಕಂಡುದಾದರೆ ಅವರು ಕಂಡುದು ಬೇರೆಯ ಹಕ್ಕಿಯಾಗಿರಬೇಕು. ಭಾರತೀಯ ಸಾಹಿತ್ಯ ಮತ್ತು ಶಿಲ್ಪಗಳಲ್ಲಿಯ ಹಂಸವನ್ನು ಕುರಿತು 1962ರಲ್ಲಿ ಪ್ರಕಟವಾದ ಒಂದು ಗ್ರಂಥವನ್ನೇ ಬರೆದ ಡಚ್ ವಿದ್ವಾಂಸ ವೋಗೆಲ್ ಅವರು ಹಂಸವೆಂದರೆ ಹೆಬ್ಬಾತೆಂದೇ ವಾದಿಸಿರುವರು. ಭಾಷಾಶಾಸ್ತ್ರವೂ ಇದಕ್ಕೆ ಅನುಕೂಲವಾಗಿದೆ. ಸಂಸ್ಕೃತದ ಹಂಸ, ಲ್ಯಾಟಿನ್ ಭಾಷೆಯ ಆನ್ಸರ್, ಜರ್ಮನ್ ಭಾಷೆಯ ಗಾನ್ಸ್ ಇವು ಒಂದೇ ಮೂಲದಿಂದ ಹುಟ್ಟಿದ ಪದಗಳು. ಆ ಎರಡು ಭಾಷೆಗಳಲ್ಲಿಯೂ ಅರ್ಥವು ಹೆಬ್ಬಾತು. ಹೊಯ್ಸಳರ ಸೋಮನಾಥಪುರದ ದೇವಾಲಯದ ಭಿತ್ತಿಯಲ್ಲಿ ಸಾಲುಗೊಂಡಿರುವ ಹಂಸಗಳನ್ನು ನೋಡಿದವರಿಗೂ ಆ ತೋರವಾದ ಮೈಯಲ್ಲಿ ಬಾತಿನ ಚಹರೆಯೇ ಕಾಣಿಸುವುದು.

ಹಂಸಗಳು ಮಾನಸ ಸರೋವರಕ್ಕೆ ತೆರಳುವುವೆಂಬುದು ಪ್ರಸಿದ್ಧವಾದ ಕವಿಸಮಯ. ಕಾಳಿದಾಸನ ಮೇಘದೂತದಲ್ಲಿ ಮಳೆಗಾಲದ ಮೊದಲ ಗುಡುಗನ್ನು ಕೇಳಿ ರಾಜಹಂಸಗಳು ಮಾನಸಕ್ಕೆ ಹೊರಡುವುವು. ಸುಮಾರು 4,590 ಮೀಟರ್ ಎತ್ತರದಲ್ಲಿರುವ ಮಾನಸ ಸರೋವರವು ಪಟ್ಟೆತಲೆಯ ಹೆಬ್ಬಾತಿನ ಬೇಸಿಗೆಯ ಸೀಮೆಯೊಳಗೇ ಇರುವುದರಿಂದ ದಿಕ್ಕಿನ ವಿಷಯದಲ್ಲಿ ಕವಿಯು ತಪ್ಪಿಲ್ಲ. ಆದರೆ ಕಾಲದ ವಿಷಯದಲ್ಲಿ ವ್ಯತ್ಯಾಸವುಂಟು. ಮಾಗಡಿಯ ಹೆಬ್ಬಾತುಗಳು ಗುಡುಗಿಗಾಗಿ ಕಾಯುವುದಿಲ್ಲ. ಮಾರ್ಚ್ ತಿಂಗಳು ಮುಗಿಯುವ ಹೊತ್ತಿಗೆ, ಮುಂಗಾರಿಗೆ ಎರಡು ತಿಂಗಳು ಮೊದಲೇ ಉತ್ತರಕ್ಕೆ ಹೊರಟುಹೋಗುವುವು. ಹಗಲು ದೀರ್ಘವಾಗತೊಡಗಿದುದೇ ಅವುಗಳಿಗೆ ಸೂಚನೆ. ಮಳೆಗಾಲದಲ್ಲಿ ಹಂಸಗಳು ಕಾಣಿಸದಿದ್ದುದನ್ನು ಕವಿಯು ಸರಿಯಾಗಿಯೇ ನೋಡಿ, ಹೊರಡುವ ಮುಹೂರ್ತವನ್ನು ಮಾತ್ರ ಮೇಘಕ್ಕೆ ಹೊಂದಿಸಿಕೊಂಡನೆಂದು ನನ್ನ ಊಹೆ. ಶರತ್ಕಾಲದಲ್ಲಿ ಮರಳುವುವೆಂಬ ಮಾತಂತೂ ಸತ್ಯ. ಕವಿಸಮಯವನ್ನು ಕೆರೆಯ ದಂಡೆಗೆ ತಂದು ಒರೆಹಚ್ಚಿದರೆ ಕಾವ್ಯಕ್ಕೆ ಅಪಚಾರವಾಗದು. ಕವಿಯು ಎಲ್ಲಿ ನೋಡಿದನು, ಎಲ್ಲಿ ಕಟ್ಟಿದನು ಎಂಬುದು ತಿಳಿಯುವುದು.

ಹಾಲನ್ನೂ ನೀರನ್ನೂ ಬೇರ್ಪಡಿಸುವ ಹಂಸಕ್ಷೀರನ್ಯಾಯದ ವಿಷಯದಲ್ಲಿಯೂ ಅಂದು ಒಂದು ದೃಶ್ಯವನ್ನು ಕಂಡೆವು. ಕೆರೆಯ ತಿಳಿನೀರಿನ ಅಂಚಿನಲ್ಲಿ ಸಲಿಕೆಯಂತೆ ಅಗಲವಾದ ಕೊಕ್ಕಿನ ಬಾತುಗಳ ಗುಂಪೊಂದು ಕತ್ತನ್ನು ಚಾಚಿ, ಕೊಕ್ಕಿನಿಂದ ನೀರನ್ನು ಉಳುತ್ತ ಸಾಗುತ್ತಿದ್ದಿತು. ಪಕ್ಷಿತಜ್ಞರು ಇದನ್ನು ಚಲುಕದ ಬಾತು ಎನ್ನುವರು. ಇದರ ಕೊಕ್ಕಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂತಹ ಸಣ್ಣ ಎಳೆಗಳಿದ್ದು, ಬಾಯ್ದುಂಬ ಎಳೆದುಕೊಂಡ ನೀರು ಅವುಗಳ ಸಂದಿನಿಂದ ಹೊರಗೆ ಹೋಗಿ ಕಾಳು, ಹುಳು, ಸೂಕ್ಷ್ಮಜೀವಿಗಳು ಒಳಗೆ ಉಳಿಯುವುವು. ಹಾಲಿನ ಮಾತು ಕವಿಯದು; ಬೇಕಾದುದನ್ನು ಇರಿಸಿಕೊಂಡು ನೀರನ್ನು ಬಿಡುವ ವಿದ್ಯೆಯು ಮಾತ್ರ ಬಾತಿನ ಕುಲದಲ್ಲಿ ನಿಜವಾಗಿಯೂ ಉಂಟು.

ಬಿಸಿಲೇರಿದ ಮೇಲೆ ಹುಡುಗನ ತಂದೆಯವರು ಬುತ್ತಿಯ ಗಂಟಿನೊಡನೆ ಏರಿಯ ಮೇಲೆ ಬಂದರು. ಖಡಕ್ ರೊಟ್ಟಿ, ಶೇಂಗಾಚಟ್ನಿ, ಮಡಿಕೆಕಾಳಿನ ಪಲ್ಯ, ಮೊಸರು. ಎಲ್ಲರೂ ಉಂಡ ಬಳಿಕ ಅವರನ್ನು ನಾನು ಕೇಳಿದೆನು: ‘ಈ ಹಕ್ಕಿಗಳು ರಾತ್ರಿ ಹೊಲದಲ್ಲಿ ಮೇಯುತ್ತವಲ್ಲ ಯಜಮಾನರೇ, ನಿಮಗೆ ಲುಕ್ಸಾನಾಗುವುದಿಲ್ಲವೆ?’ ಅವರು ಸ್ವಲ್ಪ ಹೊತ್ತು ನೀರಿನ ಕಡೆಗೆ ನೋಡಿ ಹೇಳಿದರು: ‘ಆಗ್ತೈತ್ರೀ ಗುರುಗಳ. ಸುಳ್ಳ ಯಾಕ ಹೇಳ್ಲಿ? ಕಡ್ಲಿ ಎಳೀದಿದ್ದಾಗ ಬಂದು ಕುಡಿ ಚಿವುಟಿ ತಿಂತಾವು. ಮುಂಜಾನಿ ಹೋಗಿ ನೋಡಿದ್ರ ಹೊಟ್ಟಿ ಉರೀತೈತಿ. ನಮ್ಮಪ್ಪ ಇದ್ದಾಗೂ ತಿಂತಿದ್ದುವು. ಹೋ ಅಂತ ಕೂಗಿ ಎಬ್ಬಸ್ತಿದ್ದ, ಕಲ್ಲ ಮಾತ್ರ ಒಗೀಲಿಲ್ಲ. ಕೆರಿ ತುಂಬಿದ ವರ್ಷ ಅವು ಬರ್ತಾವು. ಕೆರಿ ತುಂಬಿದ್ರ ನಮ್ಮ ಬಾವಿಗೂ ನೀರ ಬರ್ತೈತಿ. ಅವು ಬರಲಿಲ್ಲಂದ್ರ ಆ ವರ್ಷ ನಮಗೂ ಕಡಿಮೀನ ತಿಳೀರಿ.’

ಈ ಮಾತನ್ನು ಕೇಳಿ ನಾನು ಸುಮ್ಮನಾದೆನು. ಬಸ್ಸಿನಲ್ಲಿ ಬಂದು, ದುರ್ಬೀನಿನಲ್ಲಿ ನೋಡಿ, ‘ಆಹಾ’ ಎಂದು ಹಿಂದಿರುಗುವ ನಮಗೆ ಈ ಹಕ್ಕಿಗಳಿಂದ ಒಂದು ಕಾಸಿನ ವೆಚ್ಚವೂ ಇಲ್ಲ. ಅಂತರರಾಷ್ಟ್ರೀಯ ಮನ್ನಣೆಯು ಕೆರೆಗೆ ಬಂದುದು ಹರ್ಷದ ಸಂಗತಿಯೇ. ಆದರೆ ಆ ಅತಿಥಿಗಳ ಊಟದ ಲೆಕ್ಕವು ನಾಲ್ಕು ಎಕರೆಯ ರೈತನ ಕಡಲೆಯ ಹೊಲದಲ್ಲಿ ಬರೆದಿದೆ. ಹಕ್ಕಿಗಳನ್ನು ಉಳಿಸಬೇಕೆಂದು ಭಾಷಣ ಮಾಡುವವರು, ಅವುಗಳನ್ನು ಇದುವರೆಗೆ ಉಳಿಸಿಕೊಂಡು ಬಂದವರ ಹೆಸರನ್ನು ಮೊದಲು ಹೇಳಬೇಕೆಂದು ನನಗೆ ತೋರಿತು. ಕೆರೆಯು ಬದುಕಿರುವುದೂ ಅಷ್ಟೇ ಮುಖ್ಯ. ಹೂಳು ತುಂಬಿದರೆ, ಹೊಲಗಳ ಗೊಬ್ಬರವೂ ಕೀಟನಾಶಕವೂ ಮಳೆಯ ನೀರಿನೊಡನೆ ಹರಿದು ಸೇರಿದರೆ, ಪಂಪುಗಳಿಂದ ನೀರನ್ನೆಲ್ಲ ಹೊರಗೆ ಎಳೆದರೆ, ಕೆರೆಯು ಹೆಸರಿಗಷ್ಟೇ ಉಳಿದು ಹಕ್ಕಿಗಳು ಬೇರೆಯ ನೀರನ್ನು ಅರಸಿಕೊಂಡು ಹೋಗುವುವು.

ಮಧ್ಯಾಹ್ನದ ತರುವಾಯ ಮಕ್ಕಳು ಒಂದೇ ದುರ್ಬೀನನ್ನು ಸರದಿಯಂತೆ ಹಿಡಿದು ಬಣ್ಣದ ಕೊಕ್ಕರೆ, ಕರಿತಲೆಯ ಕೆಂಬರಲು, ಗದ್ದೆ ಗೊರವ, ಹಾವಕ್ಕಿ ಮೊದಲಾದುವನ್ನು ಗುರುತಿಸಿ ಪಟ್ಟಿಮಾಡಿದರು. ಆಗ ಒಬ್ಬ ವಿದ್ಯಾರ್ಥಿನಿಯು ಕೇಳಿದಳು: ‘ಇಷ್ಟು ದೂರದ ದಾರಿ ಅವಕ್ಕೆ ಹೆಂಗ ಗೊತ್ತಾಗ್ತೈತ್ರೀ?’ ಸೂರ್ಯನ ಸ್ಥಾನ, ನಕ್ಷತ್ರಗಳು, ಭೂಮಿಯ ಅಯಸ್ಕಾಂತ ಶಕ್ತಿ, ನದಿ ಬೆಟ್ಟಗಳ ಗುರುತು ಇವೆಲ್ಲವೂ ವಲಸೆಯ ಹಕ್ಕಿಗಳಿಗೆ ದಾರಿ ತೋರುವುವೆಂದು ವಿಜ್ಞಾನವು ಹೇಳುವುದು. ಆದರೆ ಎಲ್ಲ ಹಕ್ಕಿಗಳೂ ಒಂದೇ ರೀತಿಯಲ್ಲಿ ದಾರಿಯನ್ನು ಕಲಿಯುವುದಿಲ್ಲ.

ನಮ್ಮ ಕಾವ್ಯಗಳ ಚಾತಕವನ್ನು ತೆಗೆದುಕೊಳ್ಳಿರಿ. ಅದು ಕೋಗಿಲೆಯ ಜಾತಿಗೆ ಸೇರಿದುದು. ತಲೆಯ ಮೇಲೆ ಜುಟ್ಟಿರುವ ಕಪ್ಪು ಬಿಳುಪಿನ ಹಕ್ಕಿ. ಉತ್ತರ ಭಾರತಕ್ಕೆ ಮುಂಗಾರಿನೊಡನೆ ಆಫ್ರಿಕಾದಿಂದ ಬರುವುದು. ಅದು ತನ್ನ ಮೊಟ್ಟೆಯನ್ನು ಹರಟೆಮಲ್ಲಗಳ ಗೂಡಿನಲ್ಲಿಟ್ಟು ಹೋಗುವುದರಿಂದ ಮರಿಯು ತಂದೆತಾಯಿಗಳ ಒಡನಾಟವನ್ನೇ ಅರಿಯದು. ಸಾಕಿದ ಹರಟೆಮಲ್ಲವು ಸಮುದ್ರವನ್ನೆಂದೂ ದಾಟಿದುದಲ್ಲ. ಆದರೂ ಕಾಲ ಬಂದಾಗ ಆ ಮರಿಯು ಸ್ವಭಾವಸಿದ್ಧವಾದ ಪ್ರೇರಣೆಯಿಂದ ದಾರಿಯನ್ನು ಹಿಡಿಯುವುದು. ಹೆಬ್ಬಾತಿನ ರೀತಿಯು ಬೇರೆ. ಅದರ ಮರಿಗಳು ಮೊದಲ ಪಯಣದಲ್ಲಿ ತಂದೆತಾಯಿಗಳೊಡನೆಯೇ ಹಾರಿ, ಎಲ್ಲಿ ಇಳಿಯಬೇಕು, ಯಾವ ಕೆರೆಯಲ್ಲಿ ನೀರಿದೆ, ಯಾವ ಹೊಲದಲ್ಲಿ ಮೇವಿದೆ ಎಂಬುದನ್ನು ಕಂಡು ಕಲಿಯುವುವು. ಅಂದಿನ ಹಿಂಡಿನಲ್ಲಿಯೂ ತಲೆಯ ಪಟ್ಟೆಗಳು ಇನ್ನೂ ಸ್ಪಷ್ಟವಾಗಿ ಮೂಡದ ಎಳೆಯ ಹಕ್ಕಿಗಳಿದ್ದುವು. ಅವು ಹಿರಿಯ ಹಕ್ಕಿಗಳ ಮಗ್ಗುಲನ್ನು ಬಿಟ್ಟು ದೂರ ಹೋಗುತ್ತಿರಲಿಲ್ಲ. ಮಾಗಡಿಯ ಕೆರೆಯ ದಾರಿಯು ತಲೆಮಾರಿನಿಂದ ತಲೆಮಾರಿಗೆ ಪಾಠವಾಗಿ ಬಂದುದೆಂದು ಹೇಳಬಹುದು. ಅಂತಹ ಪಾಠವು ಹಲವು ವರ್ಷ ತಪ್ಪಿಹೋದರೆ, ಆ ಬಳಿಕ ಕೆರೆ ತುಂಬಿದ್ದರೂ ದಾರಿಯನ್ನು ತೋರುವವರೇ ಇರಲಾರರು. ಉಪಾಧ್ಯಾಯ ವೃತ್ತಿಯವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ.

ಸೂರ್ಯನು ಇಳಿಮುಖವಾದಾಗ ಹುಡುಗನು ಓಡಿಬಂದು, ‘ಬರ್ರೀ ಗುರುಗಳ, ಲಗೂನ ಬರ್ರೀ’ ಎಂದು ನನ್ನನ್ನು ಏರಿಯ ಇನ್ನೊಂದು ತುದಿಗೆ ಕರೆದೊಯ್ದನು. ಅಲ್ಲಿ ಕೆಸರಿನ ತಿಟ್ಟಿನ ಮೇಲೆ ಎರಡು ಹಕ್ಕಿಗಳು ನಿಂತಿದ್ದುವು. ಮೈಯೆಲ್ಲ ಕಾವಿಯ ಬಣ್ಣ. ತಲೆಯು ಅದಕ್ಕಿಂತ ತಿಳಿ. ಬಾಲವೂ ಕೊಕ್ಕೂ ಕಪ್ಪು. ಒಂದು ರೆಕ್ಕೆಯನ್ನು ಕೊಡವಿದಾಗ ಒಳಗಿನ ಬಿಳುಪು ಮಿಂಚಿ ಮರೆಯಾಯಿತು. ಲಡಾಖ್, ಟಿಬೆಟ್ ಮತ್ತು ಮಧ್ಯ ಏಷ್ಯದಲ್ಲಿ ಮರಿಮಾಡಿ ಚಳಿಗಾಲಕ್ಕೆ ನಮ್ಮಲ್ಲಿಗೆ ಬರುವ ಈ ಹಕ್ಕಿಯೇ ಚಕ್ರವಾಕವೆಂದು ವಿದ್ವಾಂಸರು ನಿರ್ಧರಿಸಿರುವರು. ಇಪ್ಪತ್ತೆಂಟು ವರ್ಷ ಪಾಠ ಹೇಳಿದ ಜಕ್ಕವಕ್ಕಿಯನ್ನು ನಾನು ಮೊದಲ ಸಲ ನೋಡಿದೆನು. ತೋರಿಸಿದವನು ವ್ಯಾಕರಣದಲ್ಲಿ ಹಿಂದೆ ಬಿದ್ದ ವಿದ್ಯಾರ್ಥಿ.

ಜಕ್ಕವಕ್ಕಿಗಳು ಹಗಲು ಜೊತೆಗಿದ್ದು ರಾತ್ರಿ ಅಗಲಿ, ಒಂದನ್ನೊಂದು ಕರೆಯುತ್ತ ಕೊರಗುವುವೆಂಬುದು ಕವಿಸಮಯ. ಈ ಹಕ್ಕಿಗಳು ಜೋಡಿಯಾಗಿರುವುದು ಸತ್ಯ; ಹೆಚ್ಚಾಗಿ ರಾತ್ರಿಯ ವೇಳೆ ಮೇಯುವುದೂ ಸತ್ಯ; ಅವುಗಳ ಕೂಗು ಬಹುದೂರ ಕೇಳಿಸುವುದೂ ಸತ್ಯ. ಕತ್ತಲಲ್ಲಿ ಮೇಯುತ್ತ ಒಂದನ್ನೊಂದು ಕೂಗುವ ಆ ದನಿಯನ್ನು ಕೇಳಿಯೇ ಹಿಂದಿನವರು ಅಗಲಿಕೆಯ ಕಥೆಯನ್ನು ಕಟ್ಟಿರಬಹುದು. ನಾವು ಅಲ್ಲಿಂದ ಹೊರಡುವವರೆಗೆ ಅವೆರಡೂ ಜೊ‌ತೆಯಾಗಿಯೇ ಇದ್ದುವು. ರಾತ್ರಿ ಏನಾಯಿತೆಂಬುದನ್ನು ನೋಡಲು ಬಸ್ಸಿನವನು ಬಿಡಲಿಲ್ಲ.

ಮರುದಿನ ತರಗತಿಯಲ್ಲಿ ಜಕ್ಕವಕ್ಕಿಯ ವಿಷಯವನ್ನು ನಾನು ಹೇಳಲಿಲ್ಲ. ಆ ಹುಡುಗನನ್ನೇ ಕರಿಹಲಗೆಯ ಮುಂದೆ ನಿಲ್ಲಿಸಿ ಹೇಳಿಸಿದೆನು. ಅವನು ಬಣ್ಣ, ಗಾತ್ರ, ಕೂಗು, ಬರುವ ತಿಂಗಳು, ಹೋಗುವ ತಿಂಗಳು ಎಲ್ಲವನ್ನೂ ತನ್ನ ಭಾಷೆಯಲ್ಲಿ ಹೇಳಿ, ಕೊನೆಗೆ ‘ಜಕ್ಕ ಕೂಡಿಸು ಪಕ್ಕಿ, ಜಕ್ಕವಕ್ಕಿ, ಆದೇಶಸಂಧಿ’ ಎಂದು ತಾನಾಗಿಯೇ ಬರೆದನು. ಆ ಸಂಧಿಯನ್ನು ಅವನು ಇನ್ನು ಮರೆಯಲಾರನು.

ಶಾಲೆಯ ಹಿತವನ್ನು ಬಯಸುವ ಸಹೋದ್ಯೋಗಿಗಳಲ್ಲಿಯೂ, ಹಳೆಯ ವಿದ್ಯಾರ್ಥಿಗಳಲ್ಲಿಯೂ, ದಾನಿಗಳಲ್ಲಿಯೂ ನನ್ನದೊಂದು ಅರಿಕೆಯುಂಟು. ಪ್ರತಿ ವರ್ಷ ಕಾರ್ತಿಕ ಮಾಸದಲ್ಲಿ ಒಂದು ದಿನವನ್ನು ಕೆರೆಯ ದಂಡೆಯ ಪಾಠಕ್ಕೆ ಮೀಸಲಿಡಬೇಕೆಂದು ಅಧ್ಯಾಪಕ ವರ್ಗವು ಮನಸ್ಸು ಮಾಡಿದೆ. ನಾಲ್ಕಾರು ದುರ್ಬೀನುಗಳೂ, ಪಕ್ಷಿಗಳ ಸಚಿತ್ರ ಪುಸ್ತಕಗಳೂ ದೊರೆತರೆ ಮಕ್ಕಳು ಸರದಿಗಾಗಿ ಕಾಯುವುದು ತಪ್ಪುವುದು. ಅದಕ್ಕಿಂತಲೂ ಮುಖ್ಯವಾದುದು, ಅವರವರ ಊರಿನ ಕೆರೆಯ ಕಡೆಗೆ ಅವರವರು ಒಮ್ಮೆ ನಡೆದುಹೋಗಿ, ಅದರಲ್ಲಿ ನೀರಿದೆಯೇ, ಹೂಳಿದೆಯೇ, ಒತ್ತುವರಿಯಾಗಿದೆಯೇ ಎಂದು ನೋಡುವುದು. ನೋಡಿದ ಮೇಲೆ ಮಾಡಬೇಕಾದುದು ತಾನಾಗಿಯೇ ತಿಳಿಯುವುದು.

ನನ್ನ ಹಳೆಯ ಟಿಪ್ಪಣಿಯ ಪುಸ್ತಕದಲ್ಲಿ ಜಕ್ಕವಕ್ಕಿಯ ಎದುರಿಗಿದ್ದ ‘ಪಕ್ಷಿವಿಶೇಷ’ ಎಂಬ ಪದವನ್ನು ಹೊಡೆದುಹಾಕಿ, ‘ಕಾವಿ ಬಣ್ಣದ ಬಾತು, ಮಾಗಡಿಯ ಕೆರೆಯಲ್ಲಿ ಕಂಡುದು’ ಎಂದು ಬರೆದಿರುವೆನು. ಚಕೋರ, ಚಾತಕ, ಕ್ರೌಂಚಗಳ ಎದುರಿಗೆ ಆ ಹಳೆಯ ಪದವೇ ಇನ್ನೂ ಉಳಿದಿದೆ. ನಿವೃತ್ತಿಗೆ ಇನ್ನು ಕೆಲವೇ ವರ್ಷಗಳಿರುವುವು. ಅಷ್ಟರೊಳಗೆ ಅವುಗಳಲ್ಲಿ ಒಂದೆರಡನ್ನಾದರೂ ತಿದ್ದಬೇಕೆಂಬುದು ನನ್ನ ಆಸೆ.